ಇನ್ನೋವಾ ಪವರ್ ಸ್ಟೀರಿಂಗ್ ಹೋಸ್: ಕಂಪೆನಿದಾ, ಲೋಕಲ್ಲಾ, ಜೆಸಿಬಿ ಅಂಗಡಿಯಲ್ಲಿ ಮಾಡಿಸಿದ್ದಾ?

ಮೊದಲೇ ಹೇಳಿಬಿಡ್ತೇನೆ, ನನ್ನ ವೋಟು ಕಂಪೆನಿ ಹೋಸಿಗೆ. ಹೋಸ್ ಅಂದ್ರೆ ಇಲ್ಲಿ ಪವರ್ ಸ್ಟೀರಿಂಗಿನ ಪಂಪಿನಿಂದ ಎಣ್ಣೆಯನ್ನು ಪ್ರೆಷರಿನಲ್ಲಿ ಸ್ಟೀರಿಂಗಿಗೆ ಒಯ್ಯುವ ಪೈಪು. ರೇಟು ಕೇಳಿದ್ರೆ ಹೊಟ್ಟೆ ಉರೀತದೆ, ಒಂದಷ್ಟು ರಬ್ಬರು, ಎರಡು ತುದಿಯಲ್ಲಿ ಬಗ್ಗಿಸಿದ ಪೈಪು, ಇದಕ್ಕೆ ಇಷ್ಟು ದುಡ್ಡಾ ಅಂತ ಅನ್ನಿಸ್ತದೆ. ಆದ್ರೂ ಬೇರೆ ಎರಡನ್ನೂ ಇದೇ ಗಾಡಿಗೆ ಹಾಕಿ ಓಡಿಸಿದ ಮೇಲೆಯೇ ಹೇಳ್ತಿರುವುದು.

ಗಾಡಿ 2012ರ ಡೀಸೆಲ್ ಇನ್ನೋವಾ. ಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ, ಮೇನ್ ರೋಡ್ ಬಿಟ್ಟು ತೋಟದ ಬದಿಯಲ್ಲೇ ಬಂದ್ರೆ ಕೊನೆಗೊಂದು ಚಡವು ಉಂಟು, ಅದು ಹತ್ತಿದ ಕೂಡ್ಲೇ ಅಂಗಳಕ್ಕೆ ತಿರುಗಿಸ್ಲಿಕ್ಕೆ ಸ್ಟೀರಿಂಗ್ ಪೂರ್ತಿ ಲಾಕ್ ವರೆಗೆ ಎಳೀಬೇಕು, ಅದೂ ಗಾಡಿ ಹೆಚ್ಚುಕಡಿಮೆ ನಿಂತ ಹಾಗೇ ಇರುವಾಗ. ಇದನ್ನು ಯಾಕೆ ಹೇಳ್ತೇನೆ ಅಂದ್ರೆ ಈ ಲೈನಿಗೆ ಅತಿ ಹೆಚ್ಚು ಪ್ರೆಷರ್ ಬೀಳುವುದೇ ಆಗ, ಹೈವೇಯಲ್ಲಿ ನೇರ ಹೋಗುವಾಗ ಪಂಪಿಗೆ ದೊಡ್ಡ ಕೆಲಸವೇ ಇಲ್ಲ. ನಮ್ಮದು ದಿನಾ ಹೋಗಿ ಬರುವ ದಾರಿಯೇ ಹೀಗೆ, ಮೇಲಿಂದ ಅಪ್ಪ ಅಮ್ಮ ಮಕ್ಕಳು ಎಲ್ಲ ತುಂಬಿ ಪಾಣತ್ತೂರು ದಾರಿಯಾಗಿ ಮಡಿಕೇರಿ ಕಡೆಗೆ ಘಾಟಿ ಹತ್ತುವುದೂ ಉಂಟು. ಹೋಸ್ ಇಷ್ಟು ವರ್ಷ ಬಾಳಿದ್ದೇ ದೊಡ್ಡದು, ಅದರ ಮೇಲೆ ನನಗೆ ಯಾವ ದೂರೂ ಇಲ್ಲ.

ಲೀಕ್ ಗೊತ್ತಾದದ್ದು ಅಂಗಳದ ಸಿಮೆಂಟಿನ ಮೇಲೆ ಕೆಂಪು ಚುಕ್ಕೆ ಕಂಡು. ಇಲ್ಲಿ ಒಂದು ಮಾತು, ಟೊಯೋಟಾದ ಕೂಲೆಂಟೂ ಕೆಂಪು ಇಲ್ಲವೇ ಗುಲಾಬಿ ಬಣ್ಣವೇ, ಹಾಗಾಗಿ ಬಣ್ಣ ನೋಡಿ ರೇಡಿಯೇಟರ್ ಒಡೀತು ಅಂತ ಗಾಬರಿ ಆಗ್ಬೇಡಿ. ಬೆರಳಿಗೆ ತಾಗಿಸಿ ಉಜ್ಜಿ, ಆಮೇಲೆ ಬರೀ ನೀರು ಹಾಕಿ ನೋಡಿ. ಕೂಲೆಂಟ್ ಆದ್ರೆ ತೊಳೆದು ಹೋಗ್ತದೆ, ಎಟಿಎಫ್ (ಸ್ಟೀರಿಂಗಿಗೆ ಹಾಕುವ ಕೆಂಪು ಎಣ್ಣೆ) ಆದ್ರೆ ನೀರು ಮಣಿ ಮಣಿಯಾಗಿ ಜಾರ್ತದೆ, ಜಿಡ್ಡು ಅಲ್ಲೇ ಉಳೀತದೆ. ಈ ಇನ್ನೋವಾದ ಸ್ಟೀರಿಂಗಿಗೆ ಹಾಕುವುದು ಡೆಕ್ಸ್ರಾನ್ ಎಟಿಎಫ್. ಟಾರ್ಚ್ ಹಿಡಿದು ನೋಡಿದ್ರೆ ಪ್ರೆಷರ್ ಹೋಸಿನ ರಬ್ಬರು ಪೈಪಿಗೆ ಸೇರುವ ಕ್ರಿಂಪಿನ (ಒತ್ತಿ ಬಿಗಿದ ಲೋಹದ ಬಳೆಯ) ಬಾಯಲ್ಲಿ ಧೂಳು ಒದ್ದೆಯಾಗಿ ಕರೀ ಉಂಗುರ ಕಟ್ಟಿತ್ತು, ಅದರ ಅಡಿಯಲ್ಲಿ ಒಂದು ಹನಿ, ಒರೆಸಿ ಸ್ಟೀರಿಂಗ್ ತಿರುಗಿಸಿದ್ರೆ ಮತ್ತೆ ಅಲ್ಲೇ ಮೂಡ್ತದೆ.

ಕಂಪೆನಿ ಹೋಸ್ ಸ್ಟಾಕ್ ಇರ್ಲಿಲ್ಲ, ಆರ್ಡರ್ ಹಾಕಿ ಕಾಯಬೇಕು ಅಂದ್ರು. ಮಧೂರಲ್ಲಿ ನೆಂಟರ ಮದುವೆ ಎದುರಿಗೇ ಇತ್ತು, ಗಾಡಿ ಬೇಕೇ ಬೇಕು. ಹಾಗೆ ಮೊದಲು ಹಾಕಿಸಿದ್ದು ಜೆಸಿಬಿ ಹೋಸ್. ನಮ್ಮ ಕಡೆ ಕೆಂಪುಕಲ್ಲಿನ ಕೋರೆಗಳು ಇರುವುದರಿಂದ ಜೆಸಿಬಿ, ಹಿಟಾಚಿಗೆ ಹೋಸ್ ಕ್ರಿಂಪ್ ಮಾಡುವ ಅಂಗಡಿಗೆ ಬರ ಇಲ್ಲ. ಹಳೇ ಹೋಸಿನ ಎರಡು ತುದಿಯ ಪೈಪನ್ನು ಉಳಿಸಿಕೊಂಡು, ಅದಕ್ಕೆ ಹೊಸ ನಿಪ್ಪಲ್ ವೆಲ್ಡ್ ಮಾಡಿ, ನಡುವಿಗೆ ಎರಡು ತಂತಿ ಹೆಣಿಗೆಯ ಹೈಡ್ರಾಲಿಕ್ ಹೋಸ್ ಹಾಕಿ ಮೆಷಿನ್ನಿನಲ್ಲಿ ಒತ್ತಿ ಕೊಡ್ತಾರೆ. ಒಂದು ಚಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗೀತದೆ, ದುಡ್ಡು ಕಂಪೆನಿ ರೇಟಿನ ಕಾಲು ಭಾಗವೂ ಆಗ್ಲಿಲ್ಲ. ಲೀಕ್ ನಿಂತದ್ದು ಖಂಡಿತ.

ಆದ್ರೆ ಶಬ್ದ. ಇದರ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ, ಹಾಗಾಗಿ ನಾನು ಸರೀ ಬರೀತೇನೆ. ಸ್ಟೀರಿಂಗ್ ನೇರ ಇದ್ದಾಗ ಎಂತದೂ ಇಲ್ಲ. ತಿರುಗಿಸ್ಲಿಕ್ಕೆ ಶುರು ಮಾಡಿದ ಕೂಡ್ಲೇ ಆಚೆ ಗುಡ್ಡೆಯಲ್ಲಿ ಯಾರೋ ಕಾಡು ಕೊಯ್ಯುವ ಮೆಷಿನ್ ಓಡಿಸಿದ ಹಾಗೆ ಒಂದು ಮೊರೆತ, ಲಾಕ್ ಹತ್ರ ಬರುವಾಗ ಅದು ಜೋರಾಗಿ ಸ್ಟೀರಿಂಗ್ ವೀಲಿನಲ್ಲಿ ಬೆರಳಿಗೇ ಗೊತ್ತಾಗ್ತದೆ. ನಡು ಸೀಟಿನಲ್ಲಿ ಕೂತ ಅಮ್ಮ ಪ್ರತಿ ಸಲ ಚಡವು ಹತ್ತುವಾಗ "ಮಗಾ, ಗಾಡಿಗೆ ಎಂತದೋ ಆಗಿದೆ, ಒಮ್ಮೆ ನಿಲ್ಲಿಸಿ ನೋಡು" ಹೇಳ್ಲಿಕ್ಕೆ ಶುರು ಮಾಡಿದ್ರು.

ಗಾಳಿ ಸಿಕ್ಕಿಹಾಕಿಕೊಂಡಿರಬೇಕು ಅಂತ ಮತ್ತೆ ಏರ್ ತೆಗೆಸಿದೆ, ಆಯಿಲ್ ಪೂರ್ತಿ ಬದಲಿಸಿದೆ, ಬೆಲ್ಟ್ ನೋಡಿಸಿದೆ. ಒಬ್ಬರು ಪಂಪೇ ಹೋಗಿದೆ ಅಂದ್ರು, ಪಂಪಿನ ರೇಟು ಕೇಳಿ ಎದೆ ಧಸಕ್ಕೆಂತು. ಕೊನೆಗೆ ಸರಿಯಾದ ಕಾರಣ ಹೇಳಿದ್ದು ನಮ್ಮ ಹಳೇ ವರ್ಕ್‌ಶಾಪಿನ ಇಕ್ಕ. "ಮಾಷ್ಟ್ರೆ, ಪಂಪ್ ಸರಿ ಉಂಟು. ಈ ಹೋಸ್ ಗಟ್ಟಿ ಜಾಸ್ತಿ ಆಯ್ತು, ಅದೇ ತೊಂದರೆ" ಅಂದ್ರು.

ವಿಷಯ ಹೀಗೆ. ಸ್ಟೀರಿಂಗ್ ಪಂಪಿನೊಳಗೆ ಸಣ್ಣ ಸಣ್ಣ ಬ್ಲೇಡುಗಳು ತಿರುಗ್ತಾ ಎಣ್ಣೆಯನ್ನು ತಳ್ತವೆ, ಹಾಗಾಗಿ ಎಣ್ಣೆ ಒಂದೇ ಸಮ ಬರುವುದಿಲ್ಲ, ನಾಡಿಯ ಹಾಗೆ ಬಡಿದು ಬಡಿದು ಬರ್ತದೆ. ಕಾರಿನ ಪ್ರೆಷರ್ ಹೋಸನ್ನು ಪ್ರತಿ ಬಡಿತಕ್ಕೂ ಚೂರು ಉಬ್ಬಿ ಅದನ್ನು ನುಂಗುವ ಹಾಗೆ ಮಾಡಿರ್ತಾರೆ, ಕೆಲವು ಗಾಡಿಗಳಲ್ಲಿ ಶಬ್ದ ಕೊಲ್ಲಲಿಕ್ಕೆ ಹೋಸಿನ ಒಳಗೇ ಇನ್ನೊಂದು ಸಪೂರ ಟ್ಯೂಬ್ ಇರ್ತದೆ. ಜೆಸಿಬಿ ಹೋಸ್ ಉಬ್ಬಬಾರದು, ಬಕೆಟ್ ಎತ್ತುವಾಗ ಅದು ಉಬ್ಬಿದ್ರೆ ಕೆಲಸ ಕೆಟ್ಟೀತು. ಅದಕ್ಕೇ ಬಡಿತ ಎಲ್ಲ ಹಾಗೇ ಚಕ್ರ ತಿರುಗಿಸುವ ಸ್ಟೀರಿಂಗ್ ರ‍್ಯಾಕಿಗೆ, ಅಲ್ಲಿಂದ ಗಾಡಿಯ ಮೈಗೆ ಹೋಗ್ತದೆ. ಅಂಗಡಿಯವರು ಹೇಳಿದ ಪ್ರೆಷರ್ ಲೆಕ್ಕ ಸುಳ್ಳಲ್ಲ. 3/8 ಇಂಚಿನ ಎರಡು ಹೆಣಿಗೆಯ ಹೋಸ್ 330 ಬಾರ್ ತಡೀತದೆ, ಒಂದು ಹೆಣಿಗೆಯದ್ದೇ 180 ಬಾರ್, ಕಾರಿನ ಸ್ಟೀರಿಂಗಿಗೆ ಬೇಕಾದದ್ದು ಸುಮಾರು 100 ಬಾರ್. ಒಡೆಯುವ ಹೆದರಿಕೆ ಇಲ್ಲ. ಆದ್ರೆ ಆ ಜಾತಿಯ ಮಾಮೂಲು ಹೋಸಿನ ಬಿಸಿಯ ಮಿತಿ 100 ಡಿಗ್ರಿ, ಪವರ್ ಸ್ಟೀರಿಂಗಿಗೆ ಅಂತಲೇ ಮಾಡಿದ್ದು ಅದಕ್ಕಿಂತ ಜಾಸ್ತಿ ತಡೀತದೆ, ಇಂಜಿನ್ನಿನ ಪಕ್ಕದಲ್ಲಿ ಅದೂ ಬೇಕಾದದ್ದೇ.

ಎರಡನೇದು ಸ್ಪೇರ್ ಪಾರ್ಟ್ಸ್ ಅಂಗಡಿಯ ಲೋಕಲ್ ಹೋಸ್. ರೇಟು ಕಂಪೆನಿದರ ಅರ್ಧದ ಆಸುಪಾಸು. ಶಬ್ದ ಹೋಯ್ತು, ಅಷ್ಟರ ಮಟ್ಟಿಗೆ ಖುಷಿ. ಆದ್ರೆ ಪೈಪಿನ ಬಗ್ಗು ಒಂಚೂರು ಆಚೀಚೆ, ಬ್ರಾಕೆಟಿನ ತೂತು ಬೋಲ್ಟಿಗೆ ಕೂರುವುದಿಲ್ಲ, ಕೇಬಲ್ ಟೈ ಹಾಕಿ ಹಿಡಿಸಿದ್ರು. ಮಳೆಗಾಲ ಮುಗಿಯುವಾಗ ರಬ್ಬರು ಗಾಡಿಯ ಮೈಗೆ ಉಜ್ಜಿ ಹೊರಮೈ ನುಣ್ಣಗಾಗಿತ್ತು, ಕ್ರಿಂಪಿನಲ್ಲಿ ಮತ್ತೆ ಬೆವರಿದ ಹಾಗೆ ಎಣ್ಣೆ. ಕೆಲವರಿಗೆ ಒಳ್ಳೇ ಪೀಸ್ ಸಿಗಬಹುದು, ನನಗೆ ಸಿಗ್ಲಿಲ್ಲ.

ಕಂಪೆನಿ ಹೋಸಿನ ಬಗ್ಗೆ ಬರೀಲಿಕ್ಕೆ ಹೆಚ್ಚು ಇಲ್ಲ, ಅದೇ ಅದರ ಗುಣ. ಬ್ರಾಕೆಟ್ ಕೈಯಲ್ಲೇ ಕೂತಿತು, ಬೋಲ್ಟ್ ಬೆರಳಲ್ಲೇ ಹತ್ತಿತು, ಶಬ್ದ ಇಲ್ಲ, ಹನಿ ಇಲ್ಲ, ಅಮ್ಮ ಈಗ ಚಡವಿನಲ್ಲಿ ಬೇರೆ ವಿಷಯ ಮಾತಾಡ್ತಾರೆ.

ರಿಟರ್ನ್ ಹೋಸಿಗೆ (ಎಣ್ಣೆ ವಾಪಸ್ ಆಯಿಲ್ ಡಬ್ಬಿಗೆ ಬರುವುದು) ಮಾತ್ರ ಕಂಪೆನಿದೇ ಆಗ್ಬೇಕು ಅಂತ ಇಲ್ಲ, ಅದರಲ್ಲಿ ಪ್ರೆಷರ್ ಕಡಿಮೆ, ಎಟಿಎಫ್ ತಡೆಯುವ ಒಳ್ಳೇ ಆಯಿಲ್ ಹೋಸ್ ಮತ್ತು ಹೊಸ ಕ್ಲಾಂಪ್ ಸಾಕು, ನೀರಿನ ಹೋಸ್ ಹಾಕ್ಲಿಕ್ಕೆ ಬಿಡ್ಬೇಡಿ.

ಯಾವ ಹೋಸ್ ಹಾಕಿದ್ರೂ ಪಂಪಿನ ಬೋಲ್ಟಿನ ವಾಷರ್ ಹೊಸತೇ ಹಾಕಿಸಿ, ಹಳೇದು ಒಮ್ಮೆ ಒತ್ತಿ ಚಪ್ಪಟೆ ಆಗಿರ್ತದೆ, ಅಲ್ಲಿಂದ ಸೋರಿದ್ರೆ ಹೋಸಿನ ತಲೆಗೆ ಕಟ್ತಾರೆ. ಏರ್ ತೆಗೆಯುವಾಗ ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟು, ಇಂಜಿನ್ ಆಫ್ ಇಟ್ಟು ಸ್ಟೀರಿಂಗ್ ನಿಧಾನಕ್ಕೆ ಈ ತುದಿಯಿಂದ ಆ ತುದಿಗೆ ತಿರುಗಿಸಿ, ಮಧ್ಯೆ ಆಯಿಲ್ ತುಂಬಿಸ್ತಾ ಇರಿ, ಮತ್ತೆ ಸ್ಟಾರ್ಟ್ ಮಾಡಿ ಐಡಲಲ್ಲಿ ಅದೇ ಕೆಲಸ. ಡಬ್ಬಿಯಲ್ಲಿ ನೊರೆ ಕಂಡ್ರೆ ಆಫ್ ಮಾಡಿ ಸ್ವಲ್ಪ ಹೊತ್ತು ಬಿಡಿ. ಲಾಕಿನಲ್ಲಿ ಒತ್ತಿ ಹಿಡಿದುಕೊಂಡು ನಿಲ್ಲಬೇಡಿ, ಪಂಪ್ ಬಿಸಿ ಆಗ್ತದೆ.

ಇಂಜಿನ್ ಆಯಿಲ್ ಕೂಲರಿಗೆ ಹೊರಗಿಂದ ಹೋಸ್ ಹೋಗುವ ಗಾಡಿಯವರು ನನ್ನ ತೀರ್ಪನ್ನು ಹಾಗೇ ಹಿಡೀಬೇಡಿ. ಅಲ್ಲಿ ಪ್ರೆಷರ್ ಬರೀ ನಾಲ್ಕೈದು ಬಾರ್, ಕೋಲ್ಡ್ ಸ್ಟಾರ್ಟಿನಲ್ಲಿ ಸ್ವಲ್ಪ ಹೆಚ್ಚು, ಈ ಮೊರೆತದ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿ ನೋಡ್ಬೇಕಾದದ್ದು ಬಿಸಿ. ಹೋಸಿನ ಮೇಲೆ ಬರೆದ ಡಿಗ್ರಿ ಓದಿ, 100ಕ್ಕೆ ನಿಲ್ಲುವ ಹೋಸ್ ಬೇಡ, ಬಿಸಿ ಇಂಜಿನ್ ಆಯಿಲ್ ಅದಕ್ಕಿಂತ ಮೇಲೆ ಹೋಗ್ತದೆ. ಸರಿಯಾದ ಹೋಸ್ ಸಿಕ್ಕಿದ್ರೆ ಕ್ರಿಂಪ್ ಮಾಡಿಸಿದ್ದೇ ಸಾಕಾದೀತು. ಆದ್ರೆ ಅಲ್ಲಿ ಲೀಕ್ ಕಂಡ ದಿನವೇ ಗಾಡಿ ನಿಲ್ಲಿಸಿ, ಸ್ಟೀರಿಂಗ್ ಆಯಿಲ್ ಹೋದ್ರೆ ಕೈ ಭಾರ ಆಗ್ತದೆ, ಹಾಗೇ ಓಡಿಸಿದ್ರೆ ಪಂಪ್ ಹಾಳಾದೀತು, ಇಂಜಿನ್ ಆಯಿಲ್ ಹೋದ್ರೆ ಇಂಜಿನ್ನೇ ಹೋಗ್ತದೆ.

ನನ್ನ ಲೆಕ್ಕ ಇಷ್ಟು: 2027ಕ್ಕೆ ಗಾಡಿಗೆ 15 ವರ್ಷ, ರಿಜಿಸ್ಟ್ರೇಶನ್ ರಿನ್ಯೂ ಮಾಡಿಸಿ ಇನ್ನೈದು ವರ್ಷ ಇಟ್ಟುಕೊಳ್ಳುವ ಆಸೆ, ಹೊಸ ಗಾಡಿಗೆ ಸಾಲ ಮಾಡುವ ಮನಸ್ಸಿಲ್ಲ. ಹಾಗಾಗಿ ಒಮ್ಮೆ ದುಡ್ಡು ಕೊಟ್ಟು ಕಂಪೆನಿದೇ ಹಾಕಿಸಿದೆ. ಇನ್ನಾರು ತಿಂಗಳಲ್ಲಿ ಮಾರುವವರಿಗೆ, ಲಾಕ್ ವರೆಗೆ ತಿರುಗಿಸುವ ಜಾಗವೇ ಇಲ್ಲದವರಿಗೆ, ತುರ್ತಿಗೆ ಜೆಸಿಬಿ ಹೋಸ್ ಧಾರಾಳ ನಡೀತದೆ, ಶಬ್ದ ಒಂದು ಸಹಿಸಿಕೊಂಡ್ರೆ ಆಯ್ತು. ಕಂಪೆನಿದು ಆರ್ಡರ್ ಮಾಡುವಾಗ ಬರೀ "ಇನ್ನೋವಾ ಹೋಸ್" ಅಂತ ಹೇಳ್ಬೇಡಿ, ಚಾಸಿಸ್ ನಂಬರ್ ಕೊಡಿ, ವಾಷರನ್ನೂ ಅದೇ ಬಿಲ್ಲಿಗೆ ಸೇರಿಸ್ಲಿಕ್ಕೆ ಹೇಳಿ.