ಭಟ್ಟಿಯ ಬಿಡಿ ಮಂಡಕ್ಕಿ: ತಿಂಗಳ ಕೊನೆಯ ತಿಂಡಿಗೆ ಎಷ್ಟು ಮಾರ್ಕ್ಸ್?

ದಾವಣಗೆರೆ ಅಂದ ಕೂಡಲೇ ಹೊರಗಿನವರು ಬೆಣ್ಣೆ ದೋಸೆ ಬಗ್ಗೆಯೇ ಕೇಳುತ್ತಾರೆ. ಇಲ್ಲಿರುವವರು ದಿನಾ ಬೆಣ್ಣೆ ದೋಸೆ ತಿನ್ನೋಕೆ ಆಗುತ್ತಾ ಹೇಳಿ. ಇಪ್ಪತ್ತನೇ ತಾರೀಖು ದಾಟಿದ ಮೇಲೆ ನಮ್ಮಂಥ ಮನೆಗಳ ಬೆಳಗಿನ ತಿಂಡಿ ನಡೆಯುವುದು ಮಂಡಕ್ಕಿ ಮೇಲೆ. ಬೆಣ್ಣೆ ದೋಸೆ ಹೋಟೆಲುಗಳ ರಿವ್ಯೂ ಬೇಕಾದಷ್ಟಿವೆ, ಮಂಡಕ್ಕಿಗೆ ಮಾತ್ರ ಯಾರೂ ಸ್ಟಾರ್ ಕೊಟ್ಟಿಲ್ಲ. ಅದಕ್ಕೇ ಇದು.

ನಾನು ತರುವುದು ಮಂಡಕ್ಕಿ ಭಟ್ಟಿ ಲೇಔಟ್ ಕಡೆಯಿಂದ ಬರುವ ಬಿಡಿ ಮಂಡಕ್ಕಿ. ರೇಟು ಇಲ್ಲಿ ಬರೆಯುವುದಿಲ್ಲ, ಭತ್ತದ ದರ ಏರಿದರೆ ಅದೂ ಏರುತ್ತದೆ, ಇವತ್ತು ಬರೆದದ್ದು ಮುಂದಿನ ತಿಂಗಳಿಗೆ ಸುಳ್ಳಾಗುತ್ತದೆ. ಇಷ್ಟು ಹೇಳಬಹುದು: ಹೋಟೆಲಿನಲ್ಲಿ ಒಬ್ಬರು ಕೂತು ಒಂದು ಬೆಣ್ಣೆ ದೋಸೆ ತಿಂದು ಕಾಫಿ ಕುಡಿಯುವ ದುಡ್ಡಿಗೆ, ಈರುಳ್ಳಿ ಎಣ್ಣೆ ಎಲ್ಲಾ ಸೇರಿ ಮನೆಯಲ್ಲಿ ನಾಲ್ಕು ಜನಕ್ಕೆ ಮಂಡಕ್ಕಿ ಒಗ್ಗರಣೆ ಆಗುತ್ತದೆ. ಆದರೆ ಕೊಳ್ಳುವಾಗ ಒಂದು ವಿಷಯ ನೋಡಿಕೊಳ್ಳಿ. ಕೆಲವು ಅಂಗಡಿಯಲ್ಲಿ ಸೇರಿನಲ್ಲಿ ಅಳೆದು ಕೊಡುತ್ತಾರೆ, ಕೆಲವು ಕಡೆ ತೂಕ. ಮಂಡಕ್ಕಿ ಎಷ್ಟು ಹಗುರ ಅಂದರೆ ಒಂದು ಲೀಟರ್ ಡಬ್ಬಿಗೆ ತುಂಬಿದರೂ ನೂರು ಗ್ರಾಂ ತೂಗುವುದು ಕಷ್ಟ. ಸೇರಿನಲ್ಲಿ ಅಳೆಯುವಾಗ ಅಂಗಡಿಯವರ ಕೈ ಮೇಲೆ ಲೆಕ್ಕ ನಿಂತಿರುತ್ತದೆ, ಗೋಪುರ ಮಾಡಿ ಹಾಕುತ್ತಾರಾ ಅಥವಾ ಕೈಯಿಂದ ಸವರಿ ಸಮ ಮಾಡುತ್ತಾರಾ ಅಂತ. ನಾವು ತರುವ ಅಂಗಡಿಯವರು ಚೀಲದ ತಳ ಬಂದಾಗ ತಾವೇ ಹೇಳುತ್ತಾರೆ, "ಅಕ್ಕಾ, ಇದು ಬ್ಯಾಡ ಬಿಡ್ರಿ, ಬರೇ ಪುಡಿ ಐತಿ, ಹೊಸ ಚೀಲ ಬಿಚ್ತೀನಿ." ಇಂಥ ಅಂಗಡಿ ಸಿಕ್ಕರೆ ಬಿಡಬೇಡಿ.

ಹೊಸದೋ ಹಳೆಯದೋ ತಿಳಿಯಲು ಒಂದು ಕಾಳನ್ನು ಎರಡು ಬೆರಳಲ್ಲಿ ಒತ್ತಿ. ಚಟ್ ಅಂತ ಒಡೆದು ಪುಡಿಯಾದರೆ ಹೊಸದು. ರಬ್ಬರಿನಂತೆ ಬಾಗಿದರೆ ಗಾಳಿ ಹಿಡಿದಿದೆ. ಒಗ್ಗರಣೆಗೆ ಹೇಗೂ ನೆನೆಸುತ್ತೇವಲ್ಲ, ಮೆತ್ತಗಿದ್ದರೇನು ಅಂತ ಅನ್ನಿಸಬಹುದು. ಗಾಳಿ ಹಿಡಿದದ್ದಕ್ಕೆ ಮುಗ್ಗು ವಾಸನೆ ಬಂದಿರುತ್ತದೆ, ನಿಂಬೆಹುಳಿ ಹಿಂಡಿದರೂ ಅದು ಹೋಗುವುದಿಲ್ಲ.

ಈಗ ಮರಳಿನ ವಿಷಯ. ಬಿಡಿ ಮಂಡಕ್ಕಿಯ ದೊಡ್ಡ ದೂರು ಇದೇ, ಹಲ್ಲಿಗೆ ಕರಕ್ ಅನ್ನುತ್ತದೆ ಅಂತ. ಯಾಕೆ ಅಂದರೆ ಅದು ಆಗುವುದೇ ಮರಳಿನಲ್ಲಿ. ಭತ್ತ ನೆನೆಸಿ, ಕಾಯಿಸಿ, ಒಣಗಿಸಿ, ಹೊಟ್ಟು ತೆಗೆದು, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕೆಂಡದಂತೆ ಕಾದ ಮರಳಿಗೆ ಸುರಿದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಅರಳುತ್ತದೆ. ಜರಡಿ ಹಿಡಿದರೂ ಸ್ವಲ್ಪ ಉಳಿಯುತ್ತದೆ. ಒಗ್ಗರಣೆ ಮಾಡುವ ಮನೆಗೆ ಇದೊಂದು ಸಮಸ್ಯೆಯೇ ಅಲ್ಲ. ಅಗಲ ಬೋಗುಣಿಯಲ್ಲಿ ನೀರು ಹಾಕಿ, ಮಂಡಕ್ಕಿ ಸುರಿದು, ಅಂಗೈಯಿಂದ ಒಮ್ಮೆ ಮುಳುಗಿಸಿ ಒತ್ತಿ. ಚುರುಚುರು ಅಂತ ಸಣ್ಣ ಸದ್ದು ಬರುತ್ತದೆ, ಕೂಡಲೇ ಎರಡೂ ಕೈಯಲ್ಲಿ ಬಾಚಿ ಹಿಂಡಿ ತೆಗೆಯಿರಿ. ಬೋಗುಣಿ ಓರೆ ಮಾಡಿದರೆ ತಳದಲ್ಲಿ ಬೂದು ಬಣ್ಣದ ಗೆರೆಯಾಗಿ ಮರಳು ನಿಂತಿರುತ್ತದೆ. ತಳದ ಆ ಒಂದು ಹಿಡಿ ಮಂಡಕ್ಕಿಯನ್ನು ಬಿಟ್ಟುಬಿಡಿ, ಅದನ್ನೂ ಉಳಿಸಲು ಹೋದರೆ ಇಡೀ ತಿಂಡಿ ಕೆಡುತ್ತದೆ. ಉಪ್ಪು ಮೊದಲೇ ಇರುವುದರಿಂದ ಒಗ್ಗರಣೆಗೆ ಉಪ್ಪು ಕಮ್ಮಿ ಹಾಕಿ.

ಒಗ್ಗರಣೆ ಎಲ್ಲರಿಗೂ ಗೊತ್ತಿರುವುದೇ: ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ, ಇದ್ದರೆ ಟೊಮೆಟೊ, ಅರಿಶಿನ. ಗ್ಯಾಸ್ ಉರಿಯುವುದು ಇಷ್ಟಕ್ಕೇ. ಉದ್ದಿನಬೇಳೆ ಬೇಡ, ರುಬ್ಬುವ ಕರೆಂಟ್ ಬೇಡ, ರಾತ್ರಿಯೇ ನೆನಪಿಟ್ಟುಕೊಂಡು ನೆನೆಹಾಕುವ ತಲೆನೋವೂ ಇಲ್ಲ.

ಹಾಗಾದರೆ ಐದಕ್ಕೆ ಐದು ಸ್ಟಾರ್ ಯಾಕಿಲ್ಲ? ಹೊಟ್ಟೆ ನಿಲ್ಲುವುದಿಲ್ಲ, ಅದಕ್ಕೆ. ಮಂಡಕ್ಕಿ ನೋಡಲು ಬೋಗುಣಿ ತುಂಬ, ನೆನೆದ ಮೇಲೆ ಅರ್ಧಕ್ಕಿಂತ ಕಮ್ಮಿ. ಬೆಳಿಗ್ಗೆ ಎಂಟಕ್ಕೆ ಬರೀ ಒಗ್ಗರಣೆ ಹಾಕಿದ ಮಂಡಕ್ಕಿ ತಿಂದು ಹೋದವರಿಗೆ ಹನ್ನೊಂದಕ್ಕೆ ಮತ್ತೆ ಹಸಿವು. ಆಗ ಮಕ್ಕಳು ಬಿಸ್ಕತ್ತು ಕೇಳುತ್ತಾರೆ, ದೊಡ್ಡವರು ಟೀ ಜೊತೆ ಬನ್ನು ತಿನ್ನುತ್ತಾರೆ, ಬೆಳಿಗ್ಗೆ ಉಳಿಸಿದ್ದೆಲ್ಲಾ ಅಲ್ಲಿಗೆ ಹೋಯಿತು. ನನ್ನ ಪ್ರಕಾರ ತಿಂಡಿ ಅಗ್ಗವೋ ತುಟ್ಟಿಯೋ ಅಂತ ಲೆಕ್ಕ ಹಾಕಬೇಕಾದ್ದು ಮಧ್ಯಾಹ್ನದ ಊಟದವರೆಗೆ ಆದ ಖರ್ಚಿನ ಮೇಲೆ.

ಇದಕ್ಕೆ ಮದ್ದು ಪುಟಾಣಿ, ಅಂದರೆ ಹುರಿಗಡಲೆ. ಸುಮ್ನೆ ರುಚಿಗೆ ಅಂತ ಒಂದು ಚಮಚ ಉದುರಿಸುವುದಲ್ಲ, ಒಬ್ಬೊಬ್ಬರ ಲೆಕ್ಕಕ್ಕೆ ಒಂದು ಸಣ್ಣ ಹಿಡಿ. ನೂರು ಗ್ರಾಂ ಮಂಡಕ್ಕಿಯಲ್ಲಿ ಪ್ರೋಟೀನ್ ಏಳು ಗ್ರಾಂ ಆಸುಪಾಸು, ಅಷ್ಟೇ ಪುಟಾಣಿಯಲ್ಲಿ ಇಪ್ಪತ್ತರ ಮೇಲೆ. ಶೇಂಗಾದಲ್ಲಿ ಇನ್ನೂ ಜಾಸ್ತಿ, ಬೆಲೆಯೂ ಜಾಸ್ತಿ. ನಾನು ಪುಟಾಣಿಯನ್ನು ಒಣಮೆಣಸಿನಕಾಯಿ, ಬೆಳ್ಳುಳ್ಳಿ ಜೊತೆ ತರಿತರಿಯಾಗಿ ಪುಡಿ ಮಾಡಿ ಡಬ್ಬಿಯಲ್ಲಿ ಇಟ್ಟಿರುತ್ತೇನೆ. ಒಲೆ ಆರಿಸಿದ ಮೇಲೆ ಅದನ್ನು ಹಾಕಿ ಕಲೆಸಿದರೆ ಒದ್ದೆ ಮಂಡಕ್ಕಿಯ ಒಂದೊಂದು ಕಾಳಿಗೂ ಪುಡಿ ಅಂಟುತ್ತದೆ, ಹೆಚ್ಚಿಗೆ ನೀರಿದ್ದರೆ ಎಳೆದುಕೊಂಡು ಉದುರುದುರಾಗುತ್ತದೆ. ಉರಿ ಇರುವಾಗಲೇ ಹಾಕಿದರೆ ಪುಡಿ ಬಾಣಲೆಗೆ ಹಿಡಿದು ಸೀಯುತ್ತದೆ. ಪುಡಿ ಹೀಗೆ ಧಾರಾಳವಾಗಿ ಹಾಕಿದ ದಿನ ಹನ್ನೊಂದರ ಬಿಸ್ಕತ್ತಿನ ಗಲಾಟೆ ಇರುವುದಿಲ್ಲ.

ಮಂಡಕ್ಕಿಗಿಂತ ಅಗ್ಗದ್ದು ಇಲ್ಲವೇ ಇಲ್ಲ ಅಂತ ಹೇಳುತ್ತಿಲ್ಲ. ರೇಷನ್ ಅಕ್ಕಿ ಬರುವ ಮನೆಯಲ್ಲಿ ರಾತ್ರಿ ಉಳಿದ ಅನ್ನದ ಚಿತ್ರಾನ್ನವೇ ಎಲ್ಲಕ್ಕಿಂತ ಅಗ್ಗ, ಅದರ ಮುಂದೆ ಮಂಡಕ್ಕಿ ಸೋಲುತ್ತದೆ. ಒಬ್ಬರೇ ರೂಮು ಮಾಡಿಕೊಂಡಿರುವ ಹುಡುಗರಿಗೆ ಇಂದಿರಾ ಕ್ಯಾಂಟೀನ್ ಇದೆ, ಐದು ರೂಪಾಯಿಗೆ ತಿಂಡಿ, ಮನೆಯಲ್ಲಿ ಏನೇ ಮಾಡಿದರೂ ಆ ರೇಟಿಗೆ ಬರುವುದಿಲ್ಲ. ಆದರೆ ಸ್ಕೂಲಿಗೆ ಹೊರಡುವ ಮಕ್ಕಳನ್ನು ಕಟ್ಟಿಕೊಂಡು ದಿನಾ ಅಲ್ಲಿ ಸಾಲಿನಲ್ಲಿ ನಿಲ್ಲುವುದು ಆಗದ ಮಾತು. ಅವಲಕ್ಕಿ ಹೊಟ್ಟೆ ನಿಲ್ಲುವುದರಲ್ಲಿ ಮಂಡಕ್ಕಿಗಿಂತ ಮೇಲು. ಉಪ್ಪಿಟ್ಟಿನ ಬಗ್ಗೆ ನಮ್ಮ ಮನೆಯಲ್ಲಿ ಮಾತಾಡುವ ಹಾಗಿಲ್ಲ.

ಶುಗರ್ ಇರುವವರಿಗೆ ಇದು ಆಗಿಬರುವುದಿಲ್ಲ, ಅರಳಿದ ಅಕ್ಕಿ ಬೇಗ ಕರಗಿ ಸಕ್ಕರೆ ಏರಿಸುತ್ತದೆ. ನಮ್ಮ ಅತ್ತೆ ಮಂಡಕ್ಕಿ ದಿನ ಹಿಂದಿನ ರಾತ್ರಿಯ ಜೋಳದ ರೊಟ್ಟಿಗೆ ಶೇಂಗಾ ಚಟ್ನಿ, ಮೊಸರು ಹಾಕಿಕೊಳ್ಳುತ್ತಾರೆ, ಮಂಡಕ್ಕಿ ಕಡೆ ಒಮ್ಮೆ ನೋಡಿ ನಿಟ್ಟುಸಿರು ಬಿಡುವುದು ಬೇರೆ ಮಾತು.

ಪ್ಯಾಕೆಟ್ ಮಂಡಕ್ಕಿ? ಊರಿನ ಒಂದು ದೊಡ್ಡ ಅಂಗಡಿಯಿಂದ ತಂದು ನೋಡಿದೆ. ಮರಳಿರಲಿಲ್ಲ, ನಿಜ. ದುಡ್ಡು ಜಾಸ್ತಿ, ಒಡೆದಾಗಲೇ ಮೆತ್ತಗಿತ್ತು. ದಾವಣಗೆರೆಯಲ್ಲಿ ಕೂತು ಬೇರೆ ಊರಿನ ಪ್ಯಾಕೆಟ್ ಮಂಡಕ್ಕಿ ತಿನ್ನುವ ಗತಿ ಯಾಕೆ ಬೇಕು ಅಲ್ವಾ.

ಪುಟಾಣಿ ಜೊತೆಗಾದರೆ ಐದಕ್ಕೆ ನಾಲ್ಕು, ಬರೀ ಮಂಡಕ್ಕಿಗೆ ಎರಡೂವರೆ. ವಾರಕ್ಕೆ ಎರಡು ದಿನ ಸಾಕು, ಮೂರನೇ ದಿನ ಮಕ್ಕಳೇ ಮುಖ ತಿರುಗಿಸುತ್ತವೆ. ಮಳೆಗಾಲದಲ್ಲಿ ವಾರಕ್ಕಾಗುವಷ್ಟೇ ತಂದು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಡಿ. ಬೇಸಿಗೆಯಲ್ಲಿ ದೊಡ್ಡ ಚೀಲವನ್ನೇ ತರಬಹುದು, ಆದರೆ ಸ್ಕೂಟರಿನಲ್ಲಿ ಒಬ್ಬರೇ ಹೋಗಬೇಡಿ. ಮುಂದೆ ಇಟ್ಟುಕೊಂಡರೆ ರಸ್ತೆಯೇ ಕಾಣುವುದಿಲ್ಲ, ಹಿಂದೆ ಹಿಡಿದುಕೊಂಡು ಕೂರಲು ಒಬ್ಬರು ಬೇಕು.