ಫೋಟೊರೆಕ್: ಕಡತ ಸಿಗುತ್ತದೆ, ಹೆಸರು ಸಿಗುವುದಿಲ್ಲ

ಕಲಬುರಗಿಯ ಡಿಟಿಪಿ ಕೇಂದ್ರಗಳಿಗೆ ಹಳೆಯ ಲಗ್ನಪತ್ರಿಕೆ, ಶರಣಬಸವೇಶ್ವರ ಜಾತ್ರೆಯ ಕರಪತ್ರ, ಮಠದ ಸ್ಮರಣ ಸಂಚಿಕೆಗಳ ಕಡತಗಳೇ ಆಸ್ತಿ. ನಕಲು ನಡೆಯುತ್ತಿರುವಾಗಲೇ ಕರೆಂಟ್ ಹೋಗಿ, ಬ್ಯಾಕಪ್ ಇದ್ದ ಹಾರ್ಡ್‌ಡಿಸ್ಕ್ ತನ್ನನ್ನು ಫಾರ್ಮ್ಯಾಟ್ ಮಾಡಬೇಕೆಂದು ಕೇಳತೊಡಗಿದರೆ, ಕಳೆದುಹೋದ ಕಡತಗಳನ್ನು ಮರಳಿ ಪಡೆಯುವ ಉಚಿತ ತಂತ್ರಾಂಶಗಳಲ್ಲಿ ಫೋಟೊರೆಕ್‌ನಷ್ಟು ನಂಬಬಹುದಾದದ್ದು ಇನ್ನೊಂದಿಲ್ಲವೆಂದು ನಮ್ಮ ಕೇಂದ್ರದ ಡಿಸ್ಕಿನ ಮೇಲೆ ಅದನ್ನು ಬಳಸಿದ ನಂತರ ನನಗೆ ಅನಿಸಿದೆ.

ಕ್ರಿಸ್ಟೋಫ್ ಗ್ರೆನಿಯೆ ರೂಪಿಸಿದ ಈ ಮುಕ್ತ ತಂತ್ರಾಂಶ ಟೆಸ್ಟ್‌ಡಿಸ್ಕ್ ಜೊತೆಯಲ್ಲೇ ಬರುತ್ತದೆ. ಮೊದಲು ಟೆಸ್ಟ್‌ಡಿಸ್ಕನ್ನೇ ಪ್ರಯತ್ನಿಸುವುದು ಒಳ್ಳೆಯದು, ಏಕೆಂದರೆ ಕೆಟ್ಟಿರುವುದು ಡಿಸ್ಕಿನ ವಿಭಾಗಗಳು ಎಲ್ಲೆಲ್ಲಿವೆ ಎಂದು ತಿಳಿಸುವ ಪಾರ್ಟಿಶನ್ ಪಟ್ಟಿ ಮಾತ್ರವಾಗಿದ್ದರೆ ಕಡತಗಳು ಹೆಸರು, ಫೋಲ್ಡರ್ ಸಮೇತ ಕಾಣಿಸಿಕೊಳ್ಳುತ್ತವೆ. ಅದಕ್ಕೂ ಸಿಗದಿದ್ದಾಗ ಫೋಟೊರೆಕ್ ಡಿಸ್ಕಿನ ಪಟ್ಟಿಯನ್ನು ಬದಿಗಿಟ್ಟು, ಪ್ರತಿ ಬಗೆಯ ಕಡತದ ಆರಂಭದಲ್ಲಿರುವ ಗುರುತಿನ ಬೈಟುಗಳನ್ನು ಹುಡುಕುತ್ತ ಸಾಗುತ್ತದೆ. ಮೂಲ ಡಿಸ್ಕಿನಿಂದ ಅದು ಓದುತ್ತದೆಯೇ ಹೊರತು ಅದರ ಮೇಲೆ ಏನನ್ನೂ ಬರೆಯುವುದಿಲ್ಲ. ಸಿಕ್ಕದ್ದನ್ನು ಉಳಿಸಲು ಬೇರೆ ಡಿಸ್ಕನ್ನೇ ಕೊಡಬೇಕು. ವರ್ಡ್, ಕೋರಲ್‌ಡ್ರಾ, ಜೆಪೆಗ್ ಕಡತಗಳು ಚೆನ್ನಾಗಿಯೇ ಬಂದವು. ಡಿಸ್ಕಿನ ಬೇರೆ ಬೇರೆ ಕಡೆ ತುಂಡುತುಂಡಾಗಿ ಹರಡಿದ್ದ ದೊಡ್ಡ ಕಡತಗಳು ಮಾತ್ರ ಅರ್ಧಕ್ಕೇ ನಿಂತವು.

ನಿಜವಾದ ಶ್ರಮ ಆಮೇಲೆ. ಹೆಸರುಗಳೆಲ್ಲ ಹೋಗಿ ಪ್ರತಿ ಕಡತಕ್ಕೂ ಒಂದು ಸಂಖ್ಯೆಯಷ್ಟೇ ಉಳಿದಿರುತ್ತದೆ. ಫೋಟೋಗಳನ್ನಾದರೂ ತೆಗೆದ ದಿನಾಂಕ ನೋಡಿ ಜೋಡಿಸಬಹುದು, ಆದರೆ ಕನ್ನಡ ಟೈಪಿಸುವ ಹಳೆಯ ನುಡಿ ತಂತ್ರಾಂಶದ ವರ್ಡ್ ಕಡತಗಳಲ್ಲಿ ವಧುವಿನ ಹೆಸರನ್ನು ಈಗ ಎಲ್ಲೆಡೆ ಬಳಕೆಯಲ್ಲಿರುವ ಯೂನಿಕೋಡ್ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಆ ಕಡತಗಳ ಒಳಗಿರುವುದು ಫಾಂಟಿನ ಮೂಲಕ ಕನ್ನಡವಾಗಿ ಕಾಣುವ ಬೇರೆಯದೇ ಸಂಕೇತಗಳು. ನುಡಿಯನ್ನು ಆ ಸಂಕೇತಗಳನ್ನು ಬಳಸುವ ಹಳೆಯ ಆಸ್ಕಿ ಕ್ರಮಕ್ಕೆ ಬದಲಿಸಿ ಅದೇ ಹೆಸರನ್ನು ಹುಡುಕುವ ಜಾಗದಲ್ಲಿ ಟೈಪಿಸಿದರೆ, ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಕಂಡರೂ ಕಡತ ಸಿಗುತ್ತದೆ. ಕನ್ನಡದ ಕೆಲಸ ಮಾಡುವವರಿಗೆ ಇಷ್ಟು ಮುಖ್ಯವಾದ ಈ ವಿಷಯವನ್ನು ಡೇಟಾ ಮರಳಿಸಿಕೊಡುವ ಅಂಗಡಿಗಳಲ್ಲಿ ಯಾರೂ ಹೇಳದಿರುವುದು ನನಗೆ ಬೇಸರದ ಸಂಗತಿ.

ಬ್ಯಾಕಪ್ ಜಿಪ್ ರೂಪದಲ್ಲಿದ್ದು, ಡಿಸ್ಕ್ ಸರಿಯಾಗಿಯೇ ತೆರೆಯುತ್ತಿದ್ದರೆ ಫೋಟೊರೆಕ್ ಬೇಕಾಗಿಲ್ಲ. ಜಿಪ್ಪಿನ ಪರಿವಿಡಿ ಅದರ ಕೊನೆಯಲ್ಲಿರುವುದರಿಂದ, ನಕಲು ಅರ್ಧಕ್ಕೆ ನಿಂತಾಗ ವಿಂಡೋಸ್ ಅದನ್ನು ತೆರೆಯಲು ನಿರಾಕರಿಸುತ್ತದೆ. ಆದರೆ ಒಳಗಿನ ಪ್ರತಿ ಕಡತದ ಮುಂದೆಯೂ ಅದರ ಹೆಸರು ಇನ್ನೊಮ್ಮೆ ದಾಖಲಾಗಿರುತ್ತದೆ. ಆದ್ದರಿಂದ ಸೆವೆನ್-ಜಿಪ್ ಎಂಬ ಉಚಿತ ತಂತ್ರಾಂಶ ತುಂಡಾದ ಜಾಗದವರೆಗಿನ ಕಡತಗಳನ್ನು ಹೆಸರಿನೊಂದಿಗೇ ಹೊರತೆಗೆಯಬಲ್ಲದು.

ಎಸ್‌ಎಸ್‌ಡಿಯಿಂದ (ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಮಾಹಿತಿ ಇಡುವ ಡಿಸ್ಕ್) ಅಳಿಸಿಹೋದ ಕಡತಗಳ ವಿಚಾರದಲ್ಲಿ ಫೋಟೊರೆಕ್‌ನಿಂದ ಹೆಚ್ಚು ನಿರೀಕ್ಷಿಸಬಾರದು. ಅಳಿಸಿದ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ಬಹುತೇಕ ಆಗಲೇ ತೆರವು ಮಾಡಿರುತ್ತದೆ. ಹಾರ್ಡ್‌ಡಿಸ್ಕಿನಲ್ಲಿ ಓದಲಾಗದ ಭಾಗಗಳಿದ್ದರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಬಳಸಿ ಮೊದಲು ಇಡೀ ಡಿಸ್ಕಿನ ಪ್ರತಿ ತೆಗೆದು, ಆ ಪ್ರತಿಯ ಮೇಲೆ ಫೋಟೊರೆಕ್ ಓಡಿಸಬೇಕು. ಡಿಸ್ಕ್ ಟಕಟಕ ಸದ್ದು ಮಾಡುತ್ತಿದ್ದರೆ ಕೂಡಲೇ ಕೇಬಲ್ ತೆಗೆದು, ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚುವ ವ್ಯವಸ್ಥೆಯಿರುವವರ ಬಳಿಗೆ, ಹೈದರಾಬಾದಿಗೋ ಬೆಂಗಳೂರಿಗೋ, ಕಳುಹಿಸಬೇಕು.