ರೂಬಿಯಲ್ಲಿ ಗೂಗಲ್ ಲಾಗಿನ್ ಬೇರೆಯವರಿಂದ ಮಾಡಿಸ್ತಿದ್ದೀರಾ? ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಬರೆಯೋಕೆ ನಾಚಿಕೆ ಆಗ್ತಿದೆ. ಆದರೂ ಬರೀತೀನಿ, ಯಾಕಂದ್ರೆ ಇದೇ ತಂಡ ಈಗ ಬೇರೆಯವರ ಕೆಲಸ ಹಿಡಿದಿದೆ ಅಂತ ನಿನ್ನೆ ಗೊತ್ತಾಯ್ತು.

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಆಪ್ ಇದೆ, ಪಿಯುಸಿ ಮಕ್ಕಳಿಗೆ ಸಿಇಟಿ ಅಣಕು ಪರೀಕ್ಷೆ ಮಾಡೋಕೆ. ರೈಲ್ಸ್‌ನಲ್ಲಿ, ಅಂದ್ರೆ ರೂಬಿ ಭಾಷೆಯ ವೆಬ್ ಚೌಕಟ್ಟಿನಲ್ಲಿ ಬರೆದದ್ದು. ಗೂಗಲ್ ಲಾಗಿನ್ ಸೇರಿಸೋ ಕೆಲಸವನ್ನ ಪರಿಚಯದವರ ಕಡೆಯಿಂದ ಬಂದ ತಂಡಕ್ಕೆ ಕೊಟ್ಟೆ. ಹೆಸರು ಬೇಡ. 45 ಸಾವಿರಕ್ಕೆ ಮಾತಾಯ್ತು, ಅರ್ಧ ಅಡ್ವಾನ್ಸ್. "ಟೋಕನ್ ಚೆಕ್ ಮಾಡೋಕೆ ನಮ್ಮದೇ ಜೆಮ್ ಇದೆ ಸರ್, ಸರ್ಟಿಫಿಕೇಟ್ ಕ್ಯಾಶಿಂಗ್ ಎಲ್ಲಾ ಅದರಲ್ಲೇ ಇದೆ" ಅಂದ್ರು. ಜೆಮ್ ಅಂದ್ರೆ ರೂಬಿಯಲ್ಲಿ ಬಳಸೋ ಸಿದ್ಧ ಕೋಡ್ ಕಟ್ಟು, ಕ್ಯಾಶಿಂಗ್ ಅಂದ್ರೆ ಒಂದು ಸಲ ತಂದದ್ದನ್ನ ಮತ್ತೆ ಬಳಸೋಕೆ ಎತ್ತಿಟ್ಕೊಳ್ಳೋದು. ಆ ಜೆಮ್ ತೆರೆದು ನೋಡಬೇಕಿತ್ತು. ನೋಡಲಿಲ್ಲ.

ಟೋಕನ್ ಅಂದ್ರೆ ಲಾಗಿನ್ ಆದವರು ಯಾರು ಅಂತ ಗೂಗಲ್ ಸಹಿ ಹಾಕಿ ಕೊಡೋ ಚೀಟಿ. ಆ ಸಹಿ ನಿಜವಾ ಅಂತ ನೋಡೋಕೆ ಬೇಕಾದ ಕೀ ಗೂಗಲ್ ಕೊಡೋ ಸರ್ಟಿಫಿಕೇಟ್‌ನಲ್ಲಿ ಇರುತ್ತೆ. ಗೂಗಲ್ ಟೋಕನ್‌ಗೆ ಹಾಕೋ ಸಹಿಯ ಕೀಗಳು ಆಗಾಗ ಬದಲಾಗ್ತವೆ, ಇದು ಹೊಸ ವಿಷಯ ಅಲ್ಲ. ಸರ್ಟಿಫಿಕೇಟನ್ನ ಮತ್ತೆ ಯಾವಾಗ ತರಬೇಕು ಅಂತ ಅದರ ಜೊತೆ ಬರೋ ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲೇ ಮ್ಯಾಕ್ಸ್-ಏಜ್ ಇರುತ್ತೆ. ಇವರ ಜೆಮ್ ಆ ಹೆಡರ್ ಕಡೆ ತಿರುಗಿಯೂ ನೋಡಲ್ಲ. ಒಂದು ವೇರಿಯಬಲ್, ಅದರ ಮುಂದೆ ||= (ಖಾಲಿ ಇದ್ರೆ ಮಾತ್ರ ತುಂಬು ಅಂತ) ಅಷ್ಟೇ. ಒಂದು ಸಲ ತಂದದ್ದು ಪ್ರೋಸೆಸ್ ಸಾಯೋವರೆಗೂ ಅದೇ. ಇದನ್ನೇ ಕ್ಯಾಶಿಂಗ್ ಅಂತ ಮಾರಿದ್ದು.

ಎರಡು ತಿಂಗಳು ಏನೂ ಆಗಲಿಲ್ಲ. ಎರಡು ದಿನಕ್ಕೊಂದು ಸಲ ನಾವೇ ಹೊಸ ಕೋಡ್ ಡಿಪ್ಲಾಯ್ ಮಾಡ್ತಿದ್ವಿ, ಪೂಮಾ (ಆಪ್ ಓಡಿಸೋ ಸರ್ವರ್) ರೀಸ್ಟಾರ್ಟ್ ಆಗ್ತಿತ್ತು, ಕ್ಯಾಶ್ ಖಾಲಿ ಆಗ್ತಿತ್ತು. ದಸರಾ ರಜೆಯಲ್ಲಿ 12 ದಿನ ಸರ್ವರ್ ಮುಟ್ಟಲಿಲ್ಲ. ರಜೆ ಮುಗಿದ ಭಾನುವಾರ ಬೆಳಿಗ್ಗೆ 10ಕ್ಕೆ ಪರೀಕ್ಷೆ. ಅರ್ಧ ಮಕ್ಕಳು ಹೊರಗೆ! ಪೂಮಾದಲ್ಲಿ ನಾಲ್ಕು ವರ್ಕರ್ (ಬೇರೆ ಬೇರೆ ಪ್ರೋಸೆಸ್), ನಾಲ್ಕಕ್ಕೂ ಬೇರೆ ಬೇರೆ ಮೆಮೊರಿ, ಕೆಲವದರಲ್ಲಿ ಹಳೇ ಸರ್ಟಿಫಿಕೇಟ್, ಒಂದರಲ್ಲಿ ಹೊಸದು. ಅದೇ ಮಗು ಮೂರನೇ ಸಲ ಒತ್ತಿದ್ರೆ ಒಳಗೆ ಹೋಗ್ತಿತ್ತು. ಒಬ್ಬ ತಂದೆ ಫೋನ್ ಮಾಡಿ "ಮಗಳು ಅಳ್ತಾ ಕೂತಿದ್ದಾಳೆ, ನೀವೇನ್ ಮಾಡ್ತಿದ್ದೀರಿ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಅವರ ವಾಟ್ಸಾಪ್ ಉತ್ತರಗಳನ್ನ ಹಾಗೇ ಹಾಕ್ತೀನಿ.

"ನಿಮ್ಮ ಕಡೆ ನೆಟ್ ಪ್ರಾಬ್ಲಮ್ ಇರ್ಬೇಕು ಸರ್."

"ಒಂದ್ಸಲ ರೀಸ್ಟಾರ್ಟ್ ಮಾಡಿ." ಮಾಡಿದೆ, ಸರಿಹೋಯ್ತು. "ನೋಡಿದ್ರಾ ಸರ್, ನಮ್ಮ ಕೋಡ್ ಕರೆಕ್ಟ್ ಇದೆ."

ನಾನು ಹೆಡರ್ ವಿಷಯ ಎತ್ತಿದ ಮೇಲೆ: "ಸರ್ಟಿಫಿಕೇಟ್ ಡೇಟ್ ಇನ್ನೂ ಮುಗಿದೇ ಇಲ್ಲ ಸರ್, ಇಟ್ಕೊಂಡ್ರೆ ತಪ್ಪೇನು?"

ಇದನ್ನ ನಾನು ಅರ್ಧ ದಿನ ನಂಬಿದೆ. ಡೇಟ್ ಮುಗಿಯದಿದ್ರೆ ಏನ್ ಬಂತು, ಹೊಸ ಟೋಕನ್‌ಗೆ ಸಹಿ ಹಾಕಿರೋದು ಬೇರೆ ಕೀ. ಟೋಕನ್ ಹೆಡರ್‌ನಲ್ಲಿರೋ ಕೀ-ಐಡಿ (ಯಾವ ಕೀ ಅಂತ ಹೇಳೋ ಗುರುತು) ನಮ್ಮ ಕ್ಯಾಶ್‌ನಲ್ಲೇ ಇಲ್ಲ!

ಎರಡು ದಿನ ಬಿಟ್ಟು ಮೆಸೇಜ್ ಬಂತು. "ಕ್ಯಾಶಿಂಗ್ ಅಪ್ರೋಚ್ ಪೂರ್ತಿ ಚೇಂಜ್ ಮಾಡಿದ್ದೀವಿ ಸರ್, ಇನ್ನು ಯಾವತ್ತೂ ಈ ಪ್ರಾಬ್ಲಮ್ ಬರಲ್ಲ." ಬರಲಿಲ್ಲ ಕೂಡ. ಬಾಕಿ 22,500 ಕಳಿಸಿದೆ. ಥ್ಯಾಂಕ್ಸ್ ಹೇಳಿದೆ. ಗೆಳೆಯನಿಗೆ ಇವರ ನಂಬರ್ ಬೇರೆ ಕೊಟ್ಟೆ.

19 ದಿನ ಆದ ಮೇಲೆ, ನಮ್ಮಲ್ಲಿ ಕೆಲಸ ಕಲಿಯೋಕೆ ಬಂದಿದ್ದ ಹುಡುಗ ಪಕ್ಕ ಬಂದು ನಿಂತ. "ಅಣ್ಣಾ, ಟೋಕನ್‌ನಲ್ಲಿ ಸಹಿಯ ಭಾಗ ಅಳಿಸಿ ಏನೇನೋ ಟೈಪ್ ಮಾಡಿದೆ, ಆದ್ರೂ ಲಾಗಿನ್ ಆಗ್ತಿದೆ." ಇಲ್ಲ ಕಣೋ, ಏನೋ ತಪ್ಪು ನೋಡಿದ್ದೀಯ ಅಂದೆ. ಅವನು ನನ್ನ ಎದುರಿಗೇ ಮಾಡಿ ತೋರಿಸಿದ. ಇಮೇಲ್ ಜಾಗದಲ್ಲಿ ನನ್ನ ಇಮೇಲ್ ಹಾಕಿದ. ಅಡ್ಮಿನ್ ಪೇಜ್ ತೆರೀತು.

ಜೆಮ್ ತೆರೆದೆ. ಜೆಡಬ್ಲ್ಯೂಟಿ ಡಿಕೋಡ್‌ಗೆ (ಟೋಕನ್ ಬಿಡಿಸಿ ಓದೋ ಕೋಡ್) ಎರಡನೇ ಜಾಗದಲ್ಲಿ ನಿಲ್, ಮೂರನೇ ಜಾಗದಲ್ಲಿ ಫಾಲ್ಸ್. ಸಹಿ ನೋಡಲೇಬೇಡ ಅಂತ ಅದರ ಅರ್ಥ. ಸರ್ಟಿಫಿಕೇಟ್ ತರೋ ಕೋಡನ್ನೇ ಕಿತ್ತು ಹಾಕಿದ್ರು. ತರೋದೇ ಇಲ್ಲ ಅಂದ ಮೇಲೆ ಅದು ಹಳೇದಾಗೋದು ಎಲ್ಲಿಂದ? ಇದಕ್ಕೆ ನಾನು ಥ್ಯಾಂಕ್ಸ್ ಹೇಳಿದ್ದೆ. ಆ ಸಾಲನ್ನ ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಬೇರೆ ಏನಾದ್ರೂ ಅರ್ಥ ಇರಬಹುದಾ ಅಂತ ಮತ್ತೆ ಮತ್ತೆ ಓದಿದೆ.

ಕೇಳಿದ್ದಕ್ಕೆ, "ಅದು ಟೆಂಪರರಿ ಸರ್, ತೆಗೆಯೋಕೆ ಮರ್ತುಹೋಯ್ತು." ಆಮೇಲೆ "ನೀವೇ ಅರ್ಜೆಂಟ್ ಅಂದ್ರಲ್ಲ." ಆಮೇಲೆ "ಸ್ಕೋಪ್‌ನಲ್ಲಿ ಲಾಗಿನ್ ಆಗ್ಬೇಕು ಅಂತಿತ್ತು, ಆಗ್ತಿದೆಯಲ್ಲ ಸರ್." ಆಮೇಲೆ ನೀಲಿ ಟಿಕ್ ಮಾತ್ರ.

ನೀವು ಮಾಡಬೇಕಾದ್ದು ಇಷ್ಟು. ದುಡ್ಡು ಕೊಡೋ ಮುಂಚೆ ಸಹಿ ಕೆಡಿಸಿದ ಟೋಕನ್ ಕಳಿಸಿ ನೋಡಿ, ಒಳಗೆ ಬಿಟ್ಟರೆ ಒಂದು ಪೈಸೆ ಕೊಡಬೇಡಿ. ಸರ್ಟಿಫಿಕೇಟನ್ನ ಎಲ್ಲಾ ವರ್ಕರ್‌ಗೂ ಸಿಗೋ ರೆಡಿಸ್‌ನಂಥ (ಹಂಚಿಕೊಂಡು ಬಳಸೋ ಡೇಟಾ ಸಂಗ್ರಹ) ಕಡೆ ಪೆಮ್ (ಸರ್ಟಿಫಿಕೇಟನ್ನ ಅಕ್ಷರಗಳಲ್ಲಿ ಬರೆಯೋ ರೂಪ) ಪಠ್ಯವಾಗಿ ಇಡಿ, ಮ್ಯಾಕ್ಸ್-ಏಜ್ ಎಷ್ಟಿದೆಯೋ ಅಷ್ಟೇ ಹೊತ್ತು. ಗೊತ್ತಿಲ್ಲದ ಕೀ-ಐಡಿ ಬಂದ್ರೆ ಒಂದು ಸಲ ಮತ್ತೆ ತರಲಿ, ಆದರೆ ಐದು ನಿಮಿಷಕ್ಕೆ ಒಂದೇ ಸಲ. ಇಲ್ಲದಿದ್ರೆ ಯಾರೋ ಸುಳ್ಳು ಕೀ-ಐಡಿ ಕಳಿಸಿ ಕಳಿಸಿ ನಿಮ್ಮ ಸರ್ವರನ್ನ ಗೂಗಲ್ ಕಡೆ ಓಡಿಸ್ತಾನೇ ಇರ್ತಾರೆ. ನಾನು ಈಗ ಇದನ್ನೇ ಬರೆದಿದ್ದೀನಿ, ಒಂದು ಸಂಜೆಯ ಕೆಲಸ. 45 ಸಾವಿರದ್ದಲ್ಲ.

ಗೆಳೆಯನಿಗೆ ಫೋನ್ ಮಾಡಿದೆ. ಅವನು ಆಗಲೇ ಅಡ್ವಾನ್ಸ್ ಕೊಟ್ಟಾಗಿದೆ. ಆ 19 ದಿನದ ಲಾಗನ್ನ ಸಾಲು ಸಾಲಾಗಿ ನೋಡ್ತಾ ಕೂತಿದ್ದೀನಿ, ಇವತ್ತಿಗೆ ಏಳನೇ ದಿನದವರೆಗೆ ಬಂದಿದ್ದೀನಿ.